ಗಾಳಿಗೆ ಬಿಟ್ಟ ಹಿಡಿ ಮಣ್ಣು

“ಬುದ್ಧಿ, ಈ ಭೂಗೋಳವನ್ನ ಎಲ್ಲಿಡೋದು?”

ಕೇಳಿದವರು ಹಾಲೇಶಪ್ಪ, ಮಠದ ಹೈಸ್ಕೂಲಿನ ಹೆಡ್ ಮೇಷ್ಟ್ರು. ಕೇಳಿದ್ದು ಮಠದ ಹಿರಿಯ ಸ್ವಾಮಿಗಳನ್ನು. ಹಾಲೇಶಪ್ಪನವರು ಹುಡುಗರಾಗಿದ್ದಾಗ ಇದೇ ಮಠದಲ್ಲಿ ಉಂಡು, ಇದೇ ಜಗಲಿಯ ಮೇಲೆ ಕೂತು ಅಕ್ಷರ ತಿದ್ದಿದವರು. ಆಮೇಲೆ ಭೌತಶಾಸ್ತ್ರ ಓದಿದರು. ದೊಡ್ಡ ಕಾಲೇಜು ಕರೆದರೂ ಹೋಗದೆ ಮಠದ ಸ್ಕೂಲಿಗೇ ಬಂದು ನಿಂತರು. ಅವರ ಕೈಯಲ್ಲಿ ಸ್ಕೂಲು ಬೆಳೆಯಿತು. ತಲೆ ನರೆತಿದ್ದರೂ ಸ್ವಾಮಿಗಳ ಮುಂದೆ ಕೂತರೆ ಅವರು ಇವತ್ತಿಗೂ ಶಿಷ್ಯರೇ.

ಇಬ್ಬರ ನಡುವೆ ಒಂದು ದೊಡ್ಡ ನಕ್ಷೆ ಹರಡಿತ್ತು. ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆಂದು ಕಟ್ಟಬೇಕಾದ ಹೊಸ ಕಟ್ಟಡದ್ದು. ದೂರದ ಊರಿನ ಒಂದು ಸ್ಕೂಲಿನಲ್ಲಿ ಅಂಥ ಕಟ್ಟಡವನ್ನು ಕಂಡು ಹಾಲೇಶಪ್ಪನವರು ಮನಸೋತಿದ್ದರು. ಅಲ್ಲಿಯವರನ್ನು ಕೇಳಿ, ಅದೇ ನಕ್ಷೆಯನ್ನು ಇದ್ದಂತೆಯೇ ತಂದಿದ್ದರು. ತಮ್ಮ ಮಕ್ಕಳೂ ಯಂತ್ರ ಬಿಚ್ಚಿ ಜೋಡಿಸಬೇಕು, ಕೈಯಾರೆ ಪ್ರಯೋಗ ಮಾಡಬೇಕು, ನಾಳೆ ಯಾರ ಮುಂದೆಯೂ ತಲೆ ತಗ್ಗಿಸಬಾರದು ಎಂಬುದು ಅವರ ಆಸೆ. ಆ ಆಸೆಯಲ್ಲಿ ಯಾವ ಕಲ್ಮಷವೂ ಇರಲಿಲ್ಲ.

ಜಗಲಿಯ ಮೇಲೆ ಗಾಳಿ ಧಾರಾಳವಾಗಿ ಆಡುತ್ತಿತ್ತು. ನಕ್ಷೆಯ ಒಂದು ಅಂಚು ಪಟಪಟನೆ ಮೇಲೇಳುತ್ತಿತ್ತು. ಹಾಲೇಶಪ್ಪನವರು ಕನ್ನಡಕದ ಡಬ್ಬಿ ಇಟ್ಟು ನೋಡಿದರು. ಅದೂ ಜಾರಿತು. ಕಡೆಗೆ ಅಂಗೈಯನ್ನೇ ಊರಿ ಕೂತರು.

“ಕಟ್ಟಡಕ್ಕೆ ಜಾಗ ಬೇಕು ಬುದ್ಧಿ,” ಎಂದರು. “ಓಂಕಾರಮ್ಮನೋರು ಭೂಗೋಳ ಪಾಠ ಮಾಡೋ ಕೋಣೆ ಇದೆಯಲ್ಲ, ಅದನ್ನ ತೆಗೆದರೆ ಸರಿಹೋಗುತ್ತೆ. ಪೀರಿಯಡ್ಡೂ ಹಾಗೇ. ಹೊಸ ಪಾಠಗಳಿಗೆ ಹೊತ್ತು ಬೇಕು. ಭೂಗೋಳವನ್ನ ವಿಜ್ಞಾನದ ಜತೆ ಇಡೋಣ ಅಂದ್ರೆ ಅದು ವಿಜ್ಞಾನ ಅಲ್ಲ. ತಂತ್ರಜ್ಞಾನದ ಜತೆ ಇಡೋಣ ಅಂದ್ರೆ ಅದರಿಂದ ಏನೂ ತಯಾರಾಗಲ್ಲ. ವಿಜ್ಞಾನ ಅಂದ್ರೆ ಎಲ್ಲ ಕಡೆಗೂ ಒಂದೇ ಇರಬೇಕು. ಇದು ಊರಿಗೊಂದು ಥರ. ಪರೀಕ್ಷೆಗೆ ಎಷ್ಟು ಬೇಕೋ ಅಷ್ಟನ್ನ ಯಾರಾದರೂ ಓದಿಸಿಬಿಡ್ತಾರೆ.”

“ಓಂಕಾರಮ್ಮನೋರು?”

“ಲೈಬ್ರರಿಗೆ ಹೋಗಲಿ ಅಂತ. ಹೇಳಿದೆ, ಒಪ್ಪಿಕೊಂಡರು. ಮಾಳಿಗೆ ಮೇಲೆ ಗಾಳಿಯ ದಿಕ್ಕು ತೋರಿಸೋ ಒಂದು ತಗಡಿನ ಗಾಳಿಕೋಳಿ ನಿಲ್ಲಿಸಿದ್ದಾರೆ, ಅದೊಂದನ್ನ ಮಾತ್ರ ಗುಜರಿಗೆ ಹಾಕಬೇಡಿ ಸಾರ್ ಅಂದರು.” ಆ ಮಾತು ನೆನಪಾದರೆ ಹಾಲೇಶಪ್ಪನವರಿಗೆ ಏನೋ ಚುಚ್ಚಿದಂತಾಗುತ್ತಿತ್ತು. “ಒಳ್ಳೆಯೋರು ಬುದ್ಧಿ. ದಿನಾ ಪ್ರಾರ್ಥನೆ ಆದಮೇಲೆ ಮಕ್ಕಳನ್ನ ಹೊರಗೆ ನಿಲ್ಲಿಸಿ ಆ ಕೋಳಿ ನೋಡಿಸ್ತಾರೆ, ನೆರಳು ನೋಡಿಸ್ತಾರೆ. ಅದೊಂದು ಪದ್ಧತಿ ಆಗಿಹೋಗಿದೆ. ಆದರೆ ಅದರಿಂದ ಬರೋದೇನು?”

ಸ್ವಾಮಿಗಳು ನಕ್ಷೆಯನ್ನು ನೋಡಿದರು. ಅದನ್ನು ಅದುಮಿ ಹಿಡಿದ ಕೈಯನ್ನೂ ನೋಡಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಗುಡ್ಡದ ಮೇಲೆ ಒಬ್ಬ ಆಚಾರಿ ಇದ್ದ. ಅವನು ಅದಿರಿನಿಂದ ಕಬ್ಬಿಣ ತೆಗೆಯುವವನು. ಅವನ ಕುಲುಮೆಗೆ ಬೆಂಕಿ ಊದುವ ತೊಗಲಿನ ತಿದಿ ಇರಲಿಲ್ಲ. ಗಾಳಿಯೇ ಬಂದು ಊದುತ್ತಿತ್ತು. ಕುಲುಮೆಯ ಬಾಯನ್ನು ಅವನು ಪಡುವಣಕ್ಕೆ ತೆರೆದಿದ್ದ. ಬೆಳಿಗ್ಗೆ ಬೆಂಕಿ ಹಚ್ಚಿದರೆ ಸಂಜೆಗೆ ಕಬ್ಬಿಣದ ದೊಡ್ಡ ಉಂಡೆ ಕೆಂಪಗೆ ಹೊಳೆಯುತ್ತ ಹೊರಗೆ ಬರುತ್ತಿತ್ತು. ಅಂಥ ಕಬ್ಬಿಣ ಆ ಸೀಮೆಯಲ್ಲೇ ಇರಲಿಲ್ಲ.

ತಿದಿ ಇಟ್ಟರೆ ಆಗುತ್ತಿರಲಿಲ್ಲವೇ ಎಂದು ಕೇಳಲು ಹಾಲೇಶಪ್ಪನವರ ನಾಲಿಗೆ ತುದಿಗೆ ಬಂದಿತ್ತು. ಸ್ವಾಮಿಗಳಿಗೆ ಅದು ಮುಖದಲ್ಲೇ ಕಂಡಿತು.

ತಿದಿಯಿಂದ ಕುಡುಗೋಲಿಗೆ ಆಗುವಷ್ಟು ಕಬ್ಬಿಣ ಬರುತ್ತದೆ ಮೇಷ್ಟ್ರೇ. ಈ ಕುಲುಮೆ ಆಳೆತ್ತರದ್ದು. ಅದಕ್ಕೆ ಬೇಕಾದ ಗಾಳಿ ಊದಲು ಊರೇ ನಿಂತು ತಿದಿ ಒತ್ತಿದರೂ ಸಾಲದು. ನಿಮ್ಮ ಭೌತಶಾಸ್ತ್ರವನ್ನು ಸ್ವಲ್ಪ ಹೊತ್ತು ಕಂಕುಳಲ್ಲಿ ಇಟ್ಟುಕೊಳ್ಳಿ.

ಆಚಾರಿಯ ಬಳಿ ಹಲವರು ಶಿಷ್ಯರಿದ್ದರು. ಅದಿರನ್ನು ಅಂಗೈಯಲ್ಲಿ ತೂಗಿ ತಿಳಿಯುವುದು, ಇದ್ದಿಲಿಗೆ ಮರ ಆರಿಸುವುದು, ಗೋಡೆಗೆ ಮಣ್ಣು ತುಳಿಯುವುದು, ಕುಲುಮೆಗೆ ಅಳತೆ ಹಾಕುವುದು, ಎಲ್ಲವನ್ನೂ ಅವನು ಹೇಳಿಕೊಟ್ಟ. ಒಂದನ್ನು ಮಾತ್ರ ಹೇಳಿಕೊಡಲಿಲ್ಲ, ತಾನೇ ಮಾಡುತ್ತಿದ್ದ. ದಿನವೂ ಬೆಂಕಿ ಹಚ್ಚುವ ಮುಂಚೆ ಕುಲುಮೆಯ ಬಾಯಿಗೆ ಎದುರಾಗಿ ನಿಲ್ಲುತ್ತಿದ್ದ. ಒಂದು ಹಿಡಿ ಒಣ ಮಣ್ಣನ್ನು ತಲೆಯ ಮೇಲಕ್ಕೆ ಎತ್ತಿ, ಬೆರಳು ಸಡಿಲಿಸುತ್ತಿದ್ದ. ಮಣ್ಣು ತೇಲಿ ಕುಲುಮೆಯ ಕಡೆ ಹೋಗುತ್ತಿತ್ತು. ಅದು ಪೂರ್ತಿ ನೆಲಕ್ಕೆ ಬೀಳುವ ತನಕ ಮಾತಾಡುತ್ತಿರಲಿಲ್ಲ.

ಯಾಕೆ ಎಂದು ಯಾವ ಶಿಷ್ಯನೂ ಕೇಳಲಿಲ್ಲ. ಆಚಾರಿ ಮಿತಭಾಷಿ, ಶಿಷ್ಯರು ವಿಧೇಯರು. ಇಬ್ಬರೂ ಹೀಗಿದ್ದರೆ ತಿಳಿಯದ್ದೆಲ್ಲ ಪೂಜೆಯಾಗುತ್ತದೆ. ನಮ್ಮ ಮಠದಲ್ಲೂ ಅಂಥವು ನಾಲ್ಕಾರು ಇರಬಹುದು, ಹುಡುಕಿಸಿದರೆ ಸಿಕ್ಕಾವು. ಶಿಷ್ಯರು ಅದಕ್ಕೆ ಮಣ್ಣಿನ ಪೂಜೆ ಎಂದು ಹೆಸರಿಟ್ಟರು. ಗುರುವಿನ ಬೆನ್ನ ಹಿಂದೆ ಸಾಲಾಗಿ ನಿಂತು ಕೈಮುಗಿದರು. ಭಕ್ತಿ ಹೆಚ್ಚಾಗಿ ಕಣ್ಣು ಮುಚ್ಚಿದರು. ಅವರಲ್ಲೊಬ್ಬ ಅದಕ್ಕೊಂದು ಪದ್ಯವನ್ನೂ ಕಟ್ಟಿದ.

ಇಲ್ಲಿ ಹಾಲೇಶಪ್ಪನವರಿಗೆ ನಗು ಬಂತು. ಗಾಳಿ ಆಗ ಸ್ವಲ್ಪ ಜೋರಾಯಿತು. ಅವರು ಇನ್ನೊಂದು ಕೈಯನ್ನೂ ಅದೇ ಅಂಚಿನ ಮೇಲೆ ಊರಿದರು.

ಒಂದು ದಿನ ದೂರದ ಕಡಲ ತೀರದಿಂದ ಜನ ಬಂದರು, ಸ್ವಾಮಿಗಳು ಮುಂದುವರಿಸಿದರು. ಅವರು ದೋಣಿಯವರು. ಅವರ ಊರಿಗೆ ಮೂಡಣದಲ್ಲಿ ಕಡಲು, ಪಡುವಣದಲ್ಲಿ ಗುಡ್ಡ. ದೋಣಿಗಳನ್ನು ಅವರು ಕಲ್ಲಿನ ಲಂಗರು ಬಿಟ್ಟು ನಿಲ್ಲಿಸುತ್ತಿದ್ದರು. ಹಿಂದಿನ ವರ್ಷದ ಬಿರುಗಾಳಿಯಲ್ಲಿ ಆ ಕಲ್ಲುಗಳು ಮರಳಿನಲ್ಲಿ ಜಾರಿದವು. ದೋಣಿಗಳು ಬಂಡೆಗೆ ಬಡಿದು ಒಡೆದವು. ದೋಣಿ ಕಾಯಲು ಮಲಗಿದ್ದವರೂ ತಿರುಗಿ ಬರಲಿಲ್ಲ. ಮುಂದಿನ ಬಿರುಗಾಳಿಯ ಹೊತ್ತಿಗೆ ಅವರಿಗೆ ಕಬ್ಬಿಣದ ಲಂಗರು ಬೇಕಿತ್ತು. ಅದಿರು ಅವರ ಗುಡ್ಡದಲ್ಲೇ ಬಿದ್ದಿತ್ತು, ಕಬ್ಬಿಣ ತೆಗೆಯುವ ಕೈ ಇರಲಿಲ್ಲ.

ಆಚಾರಿಗೆ ವಯಸ್ಸಾಗಿತ್ತು. ತನ್ನ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕಾದವನನ್ನು ಕರೆದು, ನೀನು ಹೋಗಿ ಬಾ ಎಂದ. ಪದ್ಯ ಕಟ್ಟಿದವನೂ ಅವನೇ. ಅವನು ಗುರುವಿನ ಕಾಲಿಗೆರಗಿ, “ಬೆಂಕಿ ಎಲ್ಲ ಊರಲ್ಲೂ ಒಂದೇ, ನನಗೆ ಭಯವಿಲ್ಲ” ಎಂದ.

ಕಡಲ ತೀರದಲ್ಲಿ ಶಿಷ್ಯನಿಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಗಂಡಸರು ಅದಿರು ಹೊತ್ತು ತಂದರು. ಹೆಂಗಸರು ಮಣ್ಣು ತುಳಿದರು. ಅಲ್ಲಿ ಮರ ಕಡಿಮೆ. ಊರ ಸುತ್ತ ಇದ್ದ ನೆರಳಿನ ಮರಗಳನ್ನು ಕಡಿದು ಇದ್ದಿಲು ಸುಟ್ಟರು. ಅವು ಅವರ ಅಜ್ಜಂದಿರು ನೆಟ್ಟ ಮರಗಳು. ಕಡಿಯುವಾಗ ಮುದುಕಿಯರು ಮುಖ ತಿರುಗಿಸಿಕೊಂಡು ನಿಂತಿದ್ದರು, ಬೇಡ ಎನ್ನಲಿಲ್ಲ. ಅಷ್ಟು ನಂಬಿಕೆ ಆ ಶಿಷ್ಯನ ಮೇಲೆ.

ಅವನು ಗುರುವಿನ ಕುಲುಮೆಯಂತೆಯೇ ಕುಲುಮೆ ಕಟ್ಟಿದ. ಅದೇ ಎತ್ತರ, ಅದೇ ದಪ್ಪ, ಬಾಯಿ ಪಡುವಣಕ್ಕೆ. ಬೆಳಿಗ್ಗೆ ಎದ್ದು ಅದರೆದುರು ನಿಂತು, ಕಣ್ಣು ಮುಚ್ಚಿ, ಪದ್ಯ ಹೇಳಿ ಹಿಡಿ ಮಣ್ಣು ಬಿಟ್ಟ. ನೋಡಿದ ಹೆಂಗಸರು ಹೆದರಿದರು. ಯಾರಿಗೆ ಮಣ್ಣು ತೂರಿ ಶಾಪ ಹಾಕುತ್ತಿದ್ದಾನೆ ಎಂದುಕೊಂಡರು. ಪೂಜೆ ಎಂದು ಹೇಳಿದ ಮೇಲೆ ಸಮಾಧಾನವಾಯಿತು.

ಬೆಂಕಿ ಹಿಡಿಯಿತು. ಗುಡ್ಡದ ಕಡೆಯಿಂದ ಮೆಲ್ಲನೆ ಗಾಳಿ ಬರುತ್ತಿತ್ತು. ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು. ಆಮೇಲೆ ಉರಿ ಕುಗ್ಗಿತು. ಸಂಜೆಗೆ ಗೋಡೆ ಒಡೆದು ನೋಡಿದರೆ ಒಳಗೆ ಕಬ್ಬಿಣವಿರಲಿಲ್ಲ. ಅರ್ಧ ಬೆಂದ ಅದಿರು, ಕೊಳೆ ಕರಗಿ ಆದ ಕಿಟ್ಟದ ಜತೆ ಅಂಟಿಕೊಂಡು ಕರಿ ಬಂಡೆಯಾಗಿತ್ತು.

ಶಿಷ್ಯ ಧೈರ್ಯಗೆಡಲಿಲ್ಲ. ಅವನು ದಡ್ಡನಲ್ಲ ಮೇಷ್ಟ್ರೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿತದ್ದನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದ. ಅದಿರು ತೂಗಿ ನೋಡಿದ, ಒಳ್ಳೆಯದೇ. ಇದ್ದಿಲು ಮುರಿದು ನೋಡಿದ, ಗಟ್ಟಿಯಾಗಿಯೇ ಇತ್ತು. ಗೋಡೆ, ಅಳತೆ, ಎಲ್ಲೂ ತಪ್ಪಿರಲಿಲ್ಲ. ಮತ್ತೆ ಕಟ್ಟಿ ಮತ್ತೆ ಹಚ್ಚಿದ. ಮತ್ತೆ ಮಧ್ಯಾಹ್ನಕ್ಕೆ ಉರಿ ಸತ್ತಿತು. ಮತ್ತೆ ಕರಿ ಬಂಡೆ.

ಊರಿನವರು ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಕಡಿದ ಮರಗಳ ಬುಡದಲ್ಲಿ ಸುಮ್ಮನೆ ಕೂತು ಅವನ ಮುಖ ನೋಡುತ್ತಿದ್ದರು. ಬಿರುಗಾಳಿಯ ಕಾಲ ಹತ್ತಿರ ಬರುತ್ತಿತ್ತು. ಇನ್ನೊಂದು ಸಲಕ್ಕೆ ಆಗುವಷ್ಟು ಇದ್ದಿಲು ಮಾತ್ರ ಉಳಿದಿತ್ತು. ಹಿಂದಿನ ವರ್ಷ ಮಗನನ್ನು ಕಳೆದುಕೊಂಡ ಒಬ್ಬಾಕೆ, ಉಳಿದ ಒಬ್ಬ ಮಗನನ್ನು ಈ ವರ್ಷ ದೋಣಿ ಕಾಯಲು ಕಳಿಸುವುದಿಲ್ಲ ಎಂದು ಹೇಳಿ ಕೂತಿದ್ದಳು. ಅವಳ ಮನೆಯ ಮುಂದೆ ಹಾದುಹೋಗಲು ಶಿಷ್ಯನಿಗೆ ಕಾಲು ಬರುತ್ತಿರಲಿಲ್ಲ.

ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಕೆಟ್ಟರೆ ಮನುಷ್ಯ ಏನೆಂದುಕೊಳ್ಳುತ್ತಾನೆ? ಪೂಜೆಯಲ್ಲಿ ಲೋಪವಾಗಿದೆ ಎಂದುಕೊಳ್ಳುತ್ತಾನೆ. ಶಿಷ್ಯನೂ ಹಾಗೇ ತಿಳಿದ. ಒಡೆದ ಕುಲುಮೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ. ನಾಳೆ ಊರೆಲ್ಲ ಸೇರಿ ಮಣ್ಣಿನ ಪೂಜೆ ಮಾಡೋಣ, ಬೆಂಕಿಯ ಮಾತು ಆಮೇಲೆ ಎಂದ.

ಮರುದಿನ ದೋಣಿಗಳು ಕಡಲಿಗೆ ಹೋಗಿದ್ದವು. ಎಲ್ಲರೂ ತಿರುಗಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಜನ ಸ್ನಾನ ಮಾಡಿ, ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಿಡಿದು ಶಿಷ್ಯನ ಹಿಂದೆ ಸಾಲುಗಟ್ಟಿದರು. ಶಿಷ್ಯ ಕುಲುಮೆಯ ಬಾಯಿಗೆ ಎದುರಾಗಿ ನಿಂತ. ಕಣ್ಣು ಮುಚ್ಚಿದ. ಪದ್ಯ ಎತ್ತಿದ. ಎಲ್ಲರೂ ಒಟ್ಟಿಗೆ ಮಣ್ಣು ಬಿಟ್ಟರು.

ಮಣ್ಣು ಕುಲುಮೆಯ ಕಡೆ ಹೋಗಲಿಲ್ಲ. ಅಷ್ಟೂ ತಿರುಗಿ ಅವರ ಮೇಲೇ ಬಂತು. ಜನ ಕಣ್ಣುಜ್ಜಿಕೊಂಡರು, ಸೀನಿದರು, ಕೆಮ್ಮಿದರು. ಪದ್ಯಕ್ಕೆಂದು ತೆರೆದಿದ್ದ ಶಿಷ್ಯನ ಬಾಯಿ ತುಂಬ ಮಣ್ಣು. ಅವನು ಉಗುಳುತ್ತ ಕಣ್ಣು ಬಿಟ್ಟ. ಆ ಪೂಜೆಯಲ್ಲಿ ಅವನು ಕಣ್ಣು ಬಿಟ್ಟದ್ದು ಅದೇ ಮೊದಲು.

ಹಾಲೇಶಪ್ಪನವರು ಈ ಸಲ ನಗಲಿಲ್ಲ. ಕತೆ ಎತ್ತ ಹೋಗುತ್ತಿದೆ ಎಂದು ಅವರಿಗೆ ಗೊತ್ತಾಗತೊಡಗಿತ್ತು. ಗೊತ್ತಾದದ್ದು ಅಷ್ಟೇನೂ ಹಿತವಾಗಿರಲಿಲ್ಲ.

ಶಿಷ್ಯ ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡ, ಸ್ವಾಮಿಗಳು ಹೇಳಿದರು. ಕೈ ಎತ್ತಿ ಬಿಟ್ಟ, ಈ ಸಲ ನೋಡುತ್ತ ಬಿಟ್ಟ. ಮತ್ತೆ ಬಂದು ಎದೆಗೆ ಬಡಿಯಿತು. ಪಕ್ಕದಲ್ಲಿದ್ದ ದೋಣಿಯವರ ಯಜಮಾನನನ್ನು ಕೇಳಿದ.

“ಈ ಗಾಳಿ ದಿನಾ ಹೀಗೇ ಬರುತ್ತದೆಯೇ?”

“ದಿನಾ ಬರುತ್ತೆ. ಬೆಳಿಗ್ಗೆ ಗುಡ್ಡದ ಗಾಳಿ ನಮ್ಮನ್ನ ಕಡಲಿಗೆ ಕಳಿಸುತ್ತೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಮನೆಗೆ ಕರಕೊಂಡು ಬರುತ್ತೆ. ಇಲ್ಲದಿದ್ದರೆ ನಾವು ಬರೋದಾದರೂ ಹೇಗೆ?”

“ಮತ್ತೆ ನನಗೇಕೆ ಹೇಳಲಿಲ್ಲ?”

ಯಜಮಾನ ನಿಜವಾಗಿಯೂ ಬೆರಗಾದ. “ನಿಮ್ಮದು ಬೆಂಕಿ ಕೆಲಸ ಅಂದುಕೊಂಡಿದ್ವಿ ಸ್ವಾಮಿ. ಗಾಳಿದು ನಮ್ಮ ಕೆಲಸ.”

ಅವನದೂ ತಪ್ಪಲ್ಲ. ಅವನಿಗೆ ಗಾಳಿ ಗೊತ್ತಿತ್ತು, ಕುಲುಮೆ ಗೊತ್ತಿರಲಿಲ್ಲ. ಇವನಿಗೆ ಕುಲುಮೆ ಗೊತ್ತಿತ್ತು, ಗಾಳಿ ಗೊತ್ತಿರಲಿಲ್ಲ. ಒಂದೇ ದಡದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಊಟ ಮಾಡುತ್ತಿದ್ದರು. ಮಾತು ಮಾತ್ರ ಈ ಕಡೆ ಬರಲಿಲ್ಲ.

ಈಗ ಆ ಶಿಷ್ಯನನ್ನು ಮೆಚ್ಚಬೇಕು ಮೇಷ್ಟ್ರೇ. ನನಗೆ ಅವನ ಮೇಲೆ ಬಹಳ ಪ್ರೀತಿ. ಬೇರೆಯವನಾಗಿದ್ದರೆ ಊರಿನ ಗಾಳಿಯೇ ಕೆಟ್ಟದ್ದು ಎಂದು ಹೇಳಿ ಗಂಟು ಕಟ್ಟುತ್ತಿದ್ದ. ಇವನು ಗುದ್ದಲಿ ತೆಗೆದುಕೊಂಡು, ಅಷ್ಟು ಜನರ ಮುಂದೆ ತಾನು ಕಟ್ಟಿದ ಕುಲುಮೆಯನ್ನು ತಾನೇ ಕೆಡವಿದ. ಬಾಯಲ್ಲಿ ಇನ್ನೂ ಮಣ್ಣಿತ್ತು. “ನನ್ನ ಗುರು ಕಣ್ಣು ಬಿಟ್ಟು ಮಾಡುತ್ತಿದ್ದುದನ್ನು ನಾನು ಕಣ್ಣು ಮುಚ್ಚಿ ಮಾಡಿದೆ” ಎಂದ. ಒಂದು ವಿದ್ಯೆ ಕಲಿತವನು ಊರಿನ ಮುಂದೆ ಹೀಗೆ ಹೇಳುವುದು ಸುಲಭವಲ್ಲ. ನನ್ನಿಂದ ಆಗುತ್ತಿತ್ತೋ ಇಲ್ಲವೋ ತಿಳಿಯದು.

ಆಮೇಲೆ ಅವನು ಕುಲುಮೆಯ ಮಾತನ್ನೇ ಎತ್ತಲಿಲ್ಲ. ಊರು ಸುತ್ತಿದ. ದಡದಲ್ಲಿ, ಗುಡಿಸಲುಗಳ ನಡುವೆ, ಗುಡ್ಡದ ಬುಡದಲ್ಲಿ, ಎಲ್ಲ ಕಡೆ ನಿಂತು ಮಣ್ಣು ಬಿಟ್ಟು ನೋಡಿದ. ಬೆಳಿಗ್ಗೆ ನೋಡಿದ, ಬಿಸಿಲೇರಿದಾಗ ನೋಡಿದ, ಹೊತ್ತು ಇಳಿದಾಗ ನೋಡಿದ. ಊರಿನ ಮಕ್ಕಳಿಗೆ ಅದೊಂದು ಆಟವಾಯಿತು. ಮಣ್ಣಿನ ಹಿಂದೆ ಓಡಿ, ಎಲ್ಲಿ ಬಿತ್ತೆಂದು ಕೂಗಿ ಹೇಳುತ್ತಿದ್ದರು. ದೋಣಿ ಯಜಮಾನನೂ ಜತೆಗೆ ಬಂದ. ಕಡಲ ಗಾಳಿ ಯಾವಾಗ ಏಳುತ್ತದೆ, ಎಲ್ಲಿ ತಡೆಯಿಲ್ಲದೆ ಬೀಸುತ್ತದೆ, ಯಾವಾಗ ಮಲಗುತ್ತದೆ ಎಂದು ಅವನು ಹೇಳಿದ. ಆ ಗಾಳಿಯ ಹೊತ್ತಿನಲ್ಲಿ ಬೇಯಲು ಕುಲುಮೆ ಎಷ್ಟಿರಬೇಕು ಎಂದು ಶಿಷ್ಯ ಲೆಕ್ಕ ಹಾಕಿದ. ಇಬ್ಬರ ತಲೆಯೂ ಸೇರಿದ ಮೇಲೆ ಕೆಲಸ ಬೇರೆಯೇ ಆಯಿತು.

ಕಡಲಿಗೆ ಮುಖ ಮಾಡಿದ ಒಂದು ದಿಬ್ಬವಿತ್ತು. ಅಲ್ಲಿ ಹೊಸ ಕುಲುಮೆ ಎದ್ದಿತು. ಅದು ಗುರುವಿನ ಕುಲುಮೆಗಿಂತ ಗಿಡ್ಡ, ಯಾಕೆಂದರೆ ಅಲ್ಲಿನ ಗಾಳಿ ಅರ್ಧ ದಿನದ ಗಾಳಿ. ಬಾಯಿ ಮೂಡಣಕ್ಕೆ. ಬೆಂಕಿಯನ್ನು ಅವನು ಬೆಳಿಗ್ಗೆ ಹಚ್ಚಲಿಲ್ಲ. ದಿಬ್ಬದ ಮೇಲೆ ಕೂತು ಕಾದ. ಕಡಲಲ್ಲಿ ದೋಣಿಗಳ ಹಾಯಿ ಮನೆಯ ಕಡೆಗೆ ಉಬ್ಬಿದ್ದು ಕಂಡಾಗ ಹಚ್ಚಿದ.

ಇದ್ದಿಲು ಅದೊಂದು ಸಲಕ್ಕೆ ಮಾತ್ರ ಇತ್ತೆಂದು ಹೇಳಿದೆನಲ್ಲ. ಊರು ಉಸಿರು ಬಿಗಿಹಿಡಿದು ನಿಂತಿತ್ತು. ಗಾಳಿ ಕುಲುಮೆಯ ಬಾಯಿಗೆ ನೇರವಾಗಿ ನುಗ್ಗಿತು. ಉರಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬೆಳ್ಳಗೆ ತಿರುಗಿತು. ಕತ್ತಲಾಗುವ ಮುಂಚೆ ಗೋಡೆ ಒಡೆದರು. ಕಬ್ಬಿಣ ಬಂದಿತ್ತು. ಶಿಷ್ಯ ಅದನ್ನು ನೋಡಿ ಅತ್ತುಬಿಟ್ಟ. ಮಗನನ್ನು ಕಳೆದುಕೊಂಡಿದ್ದಾಕೆ ಅವನಿಗೆ ನೀರು ತಂದುಕೊಟ್ಟಳು.

ಲಂಗರುಗಳಾದವು. ಆ ವರ್ಷವೂ ಬಿರುಗಾಳಿ ಬಂತು. ದೋಣಿಗಳು ನಿಂತಲ್ಲೇ ನಿಂತವು. ಕಾಯಲು ಹೋದವರು ಬೆಳಿಗ್ಗೆ ಮನೆಗೆ ಬಂದು ಗಂಜಿ ಕುಡಿದರು. ಕಡಲಿನವರು ಕಡಿದ ಮರಗಳ ಜಾಗದಲ್ಲಿ ಹೊಸ ಸಸಿ ನೆಟ್ಟರು. ಶಿಷ್ಯನೂ ಒಂದನ್ನು ನೆಟ್ಟು, ತನ್ನ ಗುಡ್ಡಕ್ಕೆ ಹಿಂತಿರುಗಿದ.

ಆಚಾರಿ ಆಗಲೂ ಕುಲುಮೆಯ ಮುಂದೆ ನಿಂತು ಮಣ್ಣು ಬಿಡುತ್ತಿದ್ದ. ಹಿಂದೆ ಹೊಸ ಶಿಷ್ಯರು ಕೈಮುಗಿದು, ಕಣ್ಣು ಮುಚ್ಚಿ ನಿಂತಿದ್ದರು. ಇವನು ಕಟ್ಟಿದ ಪದ್ಯವನ್ನೇ ಹೇಳುತ್ತಿದ್ದರು. ಮಣ್ಣು ನೆಲಕ್ಕೆ ಬೀಳುವ ತನಕ ಕಾದು, ಇವನು ಗುರುವಿನ ಕಾಲಿಗೆರಗಿ ನಡೆದದ್ದನ್ನೆಲ್ಲ ಹೇಳಿದ. ಕಡೆಗೆ ಮನಸ್ಸಿನಲ್ಲಿ ಇದ್ದದ್ದನ್ನೂ ಕೇಳಿದ.

“ನಾವು ಅದನ್ನು ಪೂಜೆ ಎಂದುಕೊಂಡೆವು. ಅಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ?”

ಆಚಾರಿ ಅಂಗೈಗೆ ಅಂಟಿದ್ದ ಮಣ್ಣನ್ನು ಕೊಡವಿದ. “ನೀವು ಕಣ್ಣು ಮುಚ್ಚಿಕೊಂಡದ್ದು ನನಗೆ ಕಾಣಲೇ ಇಲ್ಲ ಮಗು. ನನ್ನ ಕಣ್ಣು ಮಣ್ಣಿನ ಮೇಲಿತ್ತು.”

ಅಂದಿನಿಂದ ಆ ಗುಡ್ಡದಲ್ಲಿ ಪದ್ಧತಿ ಬದಲಾಯಿತು. ಹೊಸ ಶಿಷ್ಯ ಬಂದರೆ ಮೊದಲು ಅವನ ಕೈಗೆ ಮಣ್ಣು ಕೊಡುತ್ತಿದ್ದರು. ಅದಿರು, ಇದ್ದಿಲು, ಅಳತೆ, ಬೆಂಕಿ ಎಲ್ಲ ಆಮೇಲೆ. ಪದ್ಯ ಮಾತ್ರ ಉಳಿಯಿತು, ಚೆನ್ನಾಗಿತ್ತಂತೆ.

ಸ್ವಾಮಿಗಳು ಕತೆ ಮುಗಿಸಿ, ಪಕ್ಕದಲ್ಲಿದ್ದ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

ಹಾಲೇಶಪ್ಪನವರು ನಕ್ಷೆಯನ್ನೇ ನೋಡುತ್ತ ಕೂತಿದ್ದರು. ಅದರಲ್ಲಿ ಗೋಡೆಗಳಿದ್ದವು, ಬಾಗಿಲು ಕಿಟಕಿಗಳಿದ್ದವು, ರಸಾಯನದ ಹೊಗೆ ಹೊರಗೆ ಹೋಗಲು ದೊಡ್ಡ ಕಿಂಡಿಗಳಿದ್ದವು. ದೂರದ ಊರಿನ ಆ ಸ್ಕೂಲಿನಲ್ಲಿ ಹೊಗೆ ಎಷ್ಟು ಚೆನ್ನಾಗಿ ಹೋಗುತ್ತಿತ್ತು ಎಂದು ಅವರು ಕಣ್ಣಾರೆ ಕಂಡಿದ್ದರು. ಇಲ್ಲಿ ಕಿಂಡಿಗಳ ಆಚೆಗೆ ಏನು ಬರುತ್ತದೆ ಎಂದು ಈಗ ಮೊದಲ ಸಲ ಯೋಚಿಸಿದರು. ಮಕ್ಕಳು ಊಟಕ್ಕೆ ಕೂರುವ ದಾಸೋಹದ ಮನೆ ಬರುತ್ತಿತ್ತು. ಅವರಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ವರ್ಷಗಟ್ಟಲೆ ವೇಳಾಪಟ್ಟಿ ಹಾಕಿದ ಮನುಷ್ಯ. ಅವರ ಬುದ್ಧಿ ಮೊದಲು ಓಡಿದ್ದು ಆ ಕಡೆಗೇ.

“ಅಂದ್ರೆ ಬುದ್ಧಿ,” ಎಂದರು ಮೆಲ್ಲಗೆ, “ಭೂಗೋಳಕ್ಕೆ ವಾರಕ್ಕೆ ಇನ್ನೊಂದೆರಡು ಪೀರಿಯಡ್ ಕೊಟ್ಟರೆ ಸಾಕು ಅಂತೀರಾ?”

ಸ್ವಾಮಿಗಳು ಅವರನ್ನು ಅಕ್ಕರೆಯಿಂದ ನೋಡಿದರು.

“ಬಂದಾಗಿಂದ ಆ ಅಂಚನ್ನ ಅದುಮಿಕೊಂಡೇ ಕೂತಿದ್ದೀರಲ್ಲ ಮೇಷ್ಟ್ರೇ, ಅದು ಯಾವ ದಿಕ್ಕಿನ ಗಾಳಿಗೆ?”

ಹಾಲೇಶಪ್ಪನವರು ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು, ಆಮೇಲೆ ಕತ್ತೆತ್ತಿ ಸ್ಕೂಲಿನ ಮಾಳಿಗೆಯ ಮೇಲಿನ ಗಾಳಿಕೋಳಿಯ ಕಡೆ ನೋಡಿದರು.